ಹೃದಯಕ್ಕೆ ‘ಪಾಠ’ ಹೇಳಲು ಹೊರಟವರಿಗೆ ಆ ಇನ್ನೊಂದು ಸಾಲನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಒಂದು ಬರಹ ಎರಡು ತಿಂಗಳಿಂದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಕೂತಿದೆ. ಅಂಟಿಸಿದವರು ನಮ್ಮ ಯಜಮಾನರು. ಸ್ಕೇಲ್ ಇಟ್ಟು ಅಂಚು ಕತ್ತರಿಸಿ, ನಾಲ್ಕೂ ಮೂಲೆಗೆ ಟೇಪು ಹಾಕಿದ್ದಾರೆ. ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟವರು, ಅಂಚು ಸೊಟ್ಟಗಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಬರಹದ ತಿರುಳು ಇಷ್ಟು: ಹೃದಯಕ್ಕೆ ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ರಕ್ತ ಕಡಿಮೆಯಾದರೆ ಅದು ಪಳಗುತ್ತದೆ, ಮುಂದೆ ದೊಡ್ಡ ಪೆಟ್ಟು ಬಿದ್ದಾಗ ತಡೆದುಕೊಳ್ಳುತ್ತದೆ, ಇದಕ್ಕೆ ವಿಜ್ಞಾನಿಗಳು ಪ್ರೀಕಂಡಿಷನಿಂಗ್ ಎನ್ನುತ್ತಾರೆ.

ಬರಹದಲ್ಲಿ ಸುಳ್ಳಿಲ್ಲ. ಸುಳ್ಳಿದ್ದಿದ್ದರೆ ನಾನು ನಿಮಗೆ ಪತ್ರ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ, ಮನೆಯಲ್ಲೇ ಜಗಳವಾಡಿ ಮುಗಿಸುತ್ತಿದ್ದೆ. ಅರ್ಧ ನಿಜದ ಜೊತೆ ಜಗಳ ಬಹಳ ಕಷ್ಟ. ಆ ಅರ್ಧವನ್ನು ಹಿಡಿದುಕೊಂಡವರು ಗಟ್ಟಿಯಾಗಿಯೇ ಹಿಡಿದಿರುತ್ತಾರೆ.

ನಡೆದದ್ದನ್ನು ಹೇಳುತ್ತೇನೆ. ನಮ್ಮದು ಎರಡನೇ ಮಹಡಿ, ಒಟ್ಟು ಮೂವತ್ತಾರು ಮೆಟ್ಟಿಲು. ಬರಹ ಫ್ರಿಜ್ಜಿಗೇರಿದ ನಾಲ್ಕನೇ ದಿನವೋ ಐದನೇ ದಿನವೋ, ಬೆಳಿಗ್ಗೆ ವಾಕಿಂಗ್ ಮುಗಿಸಿ ಇಬ್ಬರೂ ಹತ್ತುತ್ತಿದ್ದೆವು. ಹದಿನೆಂಟನೇ ಮೆಟ್ಟಿಲಿನ ತಿರುವಿನಲ್ಲಿ ಇವರು ನಿಂತರು. ಮಾತು ನಿಂತಿತು. ಬಲಗೈ ಮುಷ್ಟಿಯಾಗಿ ಎದೆಯ ನಡುವೆ ಬಂದು ಕೂತಿತು. ಬೆರಳಲ್ಲ, ಮುಷ್ಟಿ. ಗ್ಯಾಸು, ಮಾಂಸಖಂಡದ ಹಿಡಿತ ಇರುವವರು ಸಾಮಾನ್ಯವಾಗಿ ಒಂದು ಬೆರಳಿನಿಂದ ‘ಇಲ್ಲಿ’ ಎಂದು ತೋರಿಸುತ್ತಾರೆ. ಹೃದಯದ ನೋವಿಗೆ ಅಷ್ಟು ನಿಖರ ವಿಳಾಸ ಇರುವುದಿಲ್ಲ, ಕೈ ತಾನಾಗಿಯೇ ಮುಷ್ಟಿ ಕಟ್ಟುತ್ತದೆ. ಎರಡು ನಿಮಿಷ ನಿಂತರು, ಬೆವರು ಒರೆಸಿಕೊಂಡರು, ಹತ್ತಿದರು. ಮನೆಗೆ ಬಂದು ಕೂತಮೇಲೆ ನಾನು ಕೇಳುವ ಮೊದಲೇ, “ಏನಿಲ್ಲ ಕಣೇ, ಹೃದಯ ಪಾಠ ಕಲೀತಿದೆ” ಅಂದರು. ಅರ್ಧ ಗಂಟೆ ಬಿಟ್ಟು, ಬೇಕೆಂದೇ ಕೆಳಗಿಳಿದು ಮತ್ತೆ ಹತ್ತಿ ಬಂದರು. “ನೋಡು, ಈ ಸಲ ನೋವೇ ಬರಲಿಲ್ಲ. ಪೇಪರಿನಲ್ಲಿ ಸರಿಯಾಗೇ ಬರೆದಿದ್ದಾರೆ.”

ನನಗೆ ಸಿಟ್ಟು ಬಂದದ್ದು ಅವರು ಸುಳ್ಳು ಹೇಳಿದರೆಂದಲ್ಲ. ಎರಡನೇ ಸಲ ನೋವು ನಿಜವಾಗಿಯೂ ಬಂದಿರಲಿಲ್ಲ. ಬರದಿರಬಹುದು ಎಂದು ನನಗೆ ಮೊದಲೇ ಗೊತ್ತಿತ್ತು.

ನಾನು ಇಪ್ಪತ್ತೊಂಬತ್ತು ವರ್ಷ ಹೃದ್ರೋಗ ವಿಭಾಗದಲ್ಲಿ ಇಸಿಜಿ ತಂತ್ರಜ್ಞೆಯಾಗಿದ್ದವಳು. ಮೊದಲು ಟ್ರೆಡ್‌ಮಿಲ್ ಕೋಣೆ, ಆಮೇಲೆ ಕ್ಯಾಥ್ ಲ್ಯಾಬ್, ಅಂದರೆ ಸಣ್ಣ ನಳಿಕೆ ತೂರಿಸಿ ಹೃದಯದ ರಕ್ತನಾಳ ನೋಡುವ, ಬಿಡಿಸುವ ಕೋಣೆ. ಡಾಕ್ಟರಲ್ಲ. ಡಾಕ್ಟರು ನೋಡುವ ಗೆರೆಯನ್ನು ಅವರಿಗಿಂತ ಎರಡು ಸೆಕೆಂಡು ಮೊದಲು ನೋಡುವವಳು, ಅಷ್ಟೇ. ಟ್ರೆಡ್‌ಮಿಲ್ಲಿನ ಪರೀಕ್ಷೆ ಬಹುತೇಕ ಕಡೆ ಬ್ರೂಸ್ ಕ್ರಮದಲ್ಲಿ ನಡೆಯುತ್ತದೆ. ಮೂರು ಮೂರು ನಿಮಿಷಕ್ಕೆ ಒಂದು ಹಂತ, ಪ್ರತಿ ಹಂತಕ್ಕೂ ವೇಗ ಹೆಚ್ಚು, ಏರು ಹೆಚ್ಚು. ಹೃದಯಕ್ಕೆ ರಕ್ತ ಸಾಲದಾದಾಗ ಇಸಿಜಿ ಗೆರೆಯ ಎಸ್‌ಟಿ ಎನ್ನುವ ಭಾಗ ಕಾಗದದ ಮೇಲೆ ಒಂದು ಸಣ್ಣ ಚೌಕ, ಎರಡು ಸಣ್ಣ ಚೌಕ ಕೆಳಗೆ ಜಗ್ಗುತ್ತದೆ. ಒಂದು ಚೌಕ ಎಂದರೆ ಒಂದು ಮಿಲಿಮೀಟರ್. ಯಾವುದೋ ಕಾರಣಕ್ಕೆ ಅದೇ ರೋಗಿಯನ್ನು ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಓಡಿಸಿದರೆ, ಎಷ್ಟೋ ಸಲ ಗೆರೆ ಅಷ್ಟು ಜಗ್ಗುವುದಿಲ್ಲ, ಜಗ್ಗಿದರೂ ತಡವಾಗಿ ಜಗ್ಗುತ್ತದೆ. ‘ಬಿಸಿಯಾದ ಮೇಲೆ ಸರಿಹೋಗುತ್ತೆ’ ಎಂದು ರೋಗಿಗಳೇ ಹೇಳುತ್ತಾರೆ. ವೈದ್ಯರು ಇದನ್ನು ವಾರ್ಮ್ ಅಪ್ ಆಂಜೈನಾ ಎನ್ನುತ್ತಾರೆ. ಇದರಲ್ಲಿ ಪ್ರೀಕಂಡಿಷನಿಂಗ್ ಪಾಲೆಷ್ಟು, ರಕ್ತನಾಳ ಹಿಗ್ಗಿದ್ದರ ಪಾಲೆಷ್ಟು, ಪಕ್ಕದ ಸಣ್ಣ ನಾಳಗಳು ನೆರವಿಗೆ ಬಂದದ್ದರ ಪಾಲೆಷ್ಟು ಎಂಬ ಚರ್ಚೆ ಇದ್ದೇ ಇದೆ.

ವಿಷಯ ಹೊಸದೇನಲ್ಲ. ಎದೆನೋವಿಗೆ ಆಂಜೈನಾ ಎಂಬ ಹೆಸರು ಕೊಟ್ಟು 18ನೇ ಶತಮಾನದಲ್ಲೇ ವಿವರವಾಗಿ ಬರೆದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್, ದಿನಾ ಅರ್ಧ ಗಂಟೆ ಮರ ಕೊಯ್ಯುವ ಕೆಲಸ ಹಚ್ಚಿಕೊಂಡ ಒಬ್ಬ ರೋಗಿ ಹೆಚ್ಚೂಕಡಿಮೆ ಗುಣವಾದನೆಂದು ದಾಖಲಿಸಿದ್ದಾರೆ. ನಿಮ್ಮ ಬರಹದಲ್ಲೂ ಆ ಮರ ಕೊಯ್ಯುವವನು ಬಂದಿದ್ದಾನೆ. ಆದರೆ ಅದೇ ಹೆಬರ್ಡೆನ್, ಕಾಯಿಲೆ ಹಾಗೇ ಮುಂದುವರಿದರೆ ಇಂಥ ರೋಗಿಗಳು ಇದ್ದಕ್ಕಿದ್ದಂತೆ ಕುಸಿದು ಪ್ರಾಣ ಬಿಡುತ್ತಾರೆಂದೂ ಬರೆದಿದ್ದರು. ಅದು ಬಂದಿಲ್ಲ. ಜಾಗ ಸಾಲಲಿಲ್ಲವೇನೋ.

ಈಗ 1986ಕ್ಕೆ ಬರೋಣ, ಏಕೆಂದರೆ ಇಡೀ ವಿಷಯದ ಬೇರು ಅಲ್ಲಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮರಿ, ರಾಬರ್ಟ್ ಜೆನಿಂಗ್ಸ್, ಕೀತ್ ರೈಮರ್ ಎಂಬ ಮೂವರು ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ರಕ್ತನಾಳ ಕಟ್ಟಿಕೊಂಡರೆ ಹೃದಯದ ಸ್ನಾಯು ಒಂದೇ ಸಲಕ್ಕೆ ಸಾಯುವುದಿಲ್ಲ, ಒಳಪದರದಿಂದ ಶುರುವಾಗಿ ಹೊರಪದರದ ಕಡೆಗೆ ಅಲೆಯಂತೆ ಸಾವು ಹಬ್ಬುತ್ತದೆ ಎಂದು ಇದೇ ರೈಮರ್ ಮತ್ತು ಜೆನಿಂಗ್ಸ್ 1977ರಲ್ಲೇ ತೋರಿಸಿದ್ದರು. ಇವತ್ತು ಹೃದಯಾಘಾತವಾದವರನ್ನು ಗಡಿಬಿಡಿಯಲ್ಲಿ ಕ್ಯಾಥ್ ಲ್ಯಾಬಿಗೆ ತಳ್ಳಿಕೊಂಡು ಹೋಗುವುದರ ಹಿಂದೆ ಇರುವ ತಿಳಿವಳಿಕೆ ಇದು: ಅಲೆ ಹೊರಪದರ ಮುಟ್ಟುವ ಮೊದಲು ಬಾಗಿಲು ತೆಗೆಯಬೇಕು.

ಅವರನ್ನು ಕಾಡಿದ್ದು ಇನ್ನೊಂದು ಸಂಗತಿ. ಕೆಲವೇ ನಿಮಿಷ ರಕ್ತ ನಿಲ್ಲಿಸಿದರೆ ಜೀವಕೋಶದ ಇಂಧನವಾದ ಎಟಿಪಿ ಕುಸಿಯುತ್ತದೆ, ಸರಿ. ಆದರೆ ಮತ್ತೆ ಮತ್ತೆ ಹಾಗೆ ಮಾಡಿದಾಗ ಪ್ರತಿ ಸಲವೂ ಅಷ್ಟೇ ಕುಸಿಯಬೇಕಲ್ಲ? ಕುಸಿಯುತ್ತಿರಲಿಲ್ಲ. ಮೊದಲ ಪೆಟ್ಟಿನ ನಂತರ ಹೃದಯ ಇಂಧನವನ್ನು ಕೈ ಹಿಡಿದು ಖರ್ಚು ಮಾಡಲು ಶುರುಮಾಡಿದಂತಿತ್ತು, ಒಮ್ಮೆ ಬರ ಕಂಡ ಸಂಸಾರದ ಹಾಗೆ. ಹಾಗಾದರೆ ಆ ಜಿಪುಣತನ ಜೀವ ಉಳಿಸುತ್ತದೆಯೇ ಎಂದು ನೋಡಲು ಅವರು ಹೀಗೆ ಮಾಡಿದರು: ಹೃದಯದ ಒಂದು ಧಮನಿಯನ್ನು 5 ನಿಮಿಷ ಮುಚ್ಚುವುದು, 5 ನಿಮಿಷ ಬಿಡುವುದು. ನಾಲ್ಕು ಸಲ. ಅದಾದ ಮೇಲೆ ಒಂದೇ ಸಮನೆ 40 ನಿಮಿಷ ಮುಚ್ಚುವುದು. ಇನ್ನೊಂದು ಗುಂಪಿಗೆ ಈ ನಾಲ್ಕು ಪೀಠಿಕೆಗಳಿಲ್ಲ, ನೇರವಾಗಿ 40 ನಿಮಿಷ.

ಪೀಠಿಕೆ ಇಲ್ಲದ ಗುಂಪಿನಲ್ಲಿ ಅಪಾಯಕ್ಕೆ ಸಿಕ್ಕ ಸ್ನಾಯುವಿನ ಸುಮಾರು 29 ಶೇಕಡಾ ಸತ್ತಿತ್ತು. ಪೀಠಿಕೆ ಇದ್ದ ಗುಂಪಿನಲ್ಲಿ ಸುಮಾರು 7 ಶೇಕಡಾ. ಅಂದರೆ ಹಾನಿ ಕಾಲು ಭಾಗಕ್ಕೆ ಇಳಿದಿತ್ತು. ಲೆಕ್ಕ ಹಾಕಿ ನೋಡಿದರೆ ಎರಡನೇ ಗುಂಪಿನ ಹೃದಯಗಳು ರಕ್ತವಿಲ್ಲದೆ ಕಳೆದದ್ದು 40 ಅಲ್ಲ, ಒಟ್ಟು 60 ನಿಮಿಷ. ಹೆಚ್ಚು ಪೆಟ್ಟು ತಿಂದವು ಕಡಿಮೆ ಸತ್ತವು! ಇದನ್ನು ಓದಿದ ದಿನ ನನಗೂ ರೋಮಾಂಚನವಾಗಿತ್ತು. ನಮ್ಮ ವಿಭಾಗದ ಹಿರಿಯ ವೈದ್ಯರೊಬ್ಬರು ಮಧ್ಯಾಹ್ನದ ಬಿಡುವಿನಲ್ಲಿ ಇಸಿಜಿ ಕಾಗದದ ಹಿಂಬದಿಯಲ್ಲಿ ಗೆರೆ ಎಳೆದು ವಿವರಿಸಿದ್ದರು. ಗೆರೆ ಮೇಲೆ, ಕೆಳಗೆ, ಮೇಲೆ, ಕೆಳಗೆ, ಆಮೇಲೆ ಒಂದು ಉದ್ದ ಗೆರೆ. ಆ ಕಾಗದ ಬಹಳ ಕಾಲ ನನ್ನ ಡ್ರಾಯರಿನಲ್ಲಿತ್ತು.

ನಿಮ್ಮ ಬರಹ ನಿಂತದ್ದು ಇಲ್ಲಿಗೆ. ಪ್ರಯೋಗ ಇಲ್ಲಿಗೆ ನಿಂತಿರಲಿಲ್ಲ. ಅದೇ ಮೂವರು, ಅದೇ ಪ್ರಬಂಧದಲ್ಲಿ, ಇನ್ನೊಂದಿಷ್ಟು ನಾಯಿಗಳಿಗೆ ಅದೇ ನಾಲ್ಕು ಪೀಠಿಕೆ ಕೊಟ್ಟು, ಕೊನೆಯ ಮುಚ್ಚುವಿಕೆಯನ್ನು 40 ನಿಮಿಷಕ್ಕೆ ಬದಲಾಗಿ 3 ಗಂಟೆಗೆ ಎಳೆದರು. ಆಗ ಪೀಠಿಕೆ ಇದ್ದವಕ್ಕೂ ಇಲ್ಲದವಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಪ್ರಬಂಧದ ಶೀರ್ಷಿಕೆಯಲ್ಲೇ ಅವರು ಬಳಸಿದ ಪದ ಸಾವನ್ನು ‘ತಡೆಯುವುದು’ ಎಂದಲ್ಲ, ‘ತಡಮಾಡುವುದು’ ಎಂದು. ಸಂಪಾದಕರೇ, ನನ್ನ ತಕರಾರೆಲ್ಲ ಈ ಒಂದು ಪದದ್ದು. ಪಳಗಿದ ಹೃದಯ ಸಾಯುವುದಿಲ್ಲವೆಂದಲ್ಲ, ನಿಧಾನವಾಗಿ ಸಾಯುತ್ತದೆ. ಆ ನಿಧಾನದೊಳಗೆ ಯಾರಾದರೂ ಬಂದು ನಾಳ ಬಿಡಿಸಿದರೆ ಲಾಭ. ಬಿಡಿಸುವವರಿಲ್ಲದಿದ್ದರೆ ಸೊನ್ನೆ.

ನಮ್ಮ ಯಜಮಾನರು ಇದನ್ನು ಹೇಗೆ ತಿಳಿದುಕೊಂಡಿದ್ದರು ನೋಡಿ: ಹೃದಯ ಗಟ್ಟಿಯಾಗುತ್ತಿದೆ, ಆದ್ದರಿಂದ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಪ್ರಯೋಗ ಹೇಳುವುದು ಇದಕ್ಕೆ ತದ್ವಿರುದ್ಧ. ಹೃದಯ ನಿಮಗಾಗಿ ಒಂದಿಷ್ಟು ಹೊತ್ತು ಉಳಿಸಿಕೊಟ್ಟಿದೆ, ಆ ಹೊತ್ತಿನಲ್ಲಿ ಆಸ್ಪತ್ರೆ ಸೇರಿ.

ಆ ಉಳಿತಾಯಕ್ಕೂ ಅವಧಿ ಇದೆ. ಚಿಕ್ಕ ಪೆಟ್ಟು ಬಿದ್ದ ಕೂಡಲೇ ಸಿಗುವ ರಕ್ಷಣೆ ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಕರಗಿಹೋಗುತ್ತದೆ. 1993ರಲ್ಲಿ ಬೇರೆ ತಂಡಗಳು ಕಂಡುಕೊಂಡಂತೆ, ಸುಮಾರು 24 ಗಂಟೆ ಕಳೆದ ಮೇಲೆ ಅದು ಇನ್ನೊಮ್ಮೆ, ಸ್ವಲ್ಪ ಮಂದವಾಗಿ, ಮರಳಿ ಬರುತ್ತದೆ, ಎರಡು ಮೂರು ದಿನ ಇರುತ್ತದೆ. ಮೊದಲನೆಯದು ಇದ್ದ ಸಾಮಾನನ್ನೇ ಜೋಡಿಸಿಕೊಂಡು ನಿಲ್ಲುವುದು, ಎರಡನೆಯದಕ್ಕೆ ಜೀವಕೋಶ ಹೊಸ ಪ್ರೋಟೀನುಗಳನ್ನು ತಯಾರಿಸಿಕೊಳ್ಳಬೇಕು, ಅದಕ್ಕೇ ಒಂದು ದಿನ ತಡ. ಯಾವ ಹೊತ್ತಿಗೆ ಹೃದಯಾಘಾತ ಬರುತ್ತದೆ ಎಂದು ಮೊದಲೇ ತಿಳಿದಿದ್ದರೆ ಈ ವೇಳಾಪಟ್ಟಿ ಉಪಯೋಗಕ್ಕೆ ಬರುತ್ತಿತ್ತು. ಅದು ಹೇಳಿ ಕೇಳಿ ಬರುವ ಅತಿಥಿಯೇ?

ಇದೆಲ್ಲ ಒಳಗೆ ಹೇಗೆ ನಡೆಯುತ್ತದೆ ಎಂಬುದರಲ್ಲಿ ಒಂದು ಕೊಂಡಿಯನ್ನಾದರೂ ಹೇಳಬೇಕು, ಏಕೆಂದರೆ ಅದರ ಜೊತೆ ನಾನು ಕೆಲಸ ಮಾಡಿದ್ದೇನೆ. ರಕ್ತ ಸಾಲದಾದಾಗ ಎಟಿಪಿ ಒಡೆದು ಅಡಿನೋಸಿನ್ ಎಂಬ ವಸ್ತು ಹೊರಬರುತ್ತದೆ. ಅದು ಜೀವಕೋಶದ ಹೊರಗೋಡೆಯ ಮೇಲಿರುವ ಗ್ರಾಹಿಗಳನ್ನು ತಟ್ಟುತ್ತದೆ. ಅಲ್ಲಿಂದ ಸುದ್ದಿ ಒಬ್ಬರಿಂದೊಬ್ಬರಿಗೆ ದಾಟುತ್ತಾ, ಕೋಶದೊಳಗೆ ಇಂಧನ ತಯಾರಿಸುವ ಮೈಟೋಕಾಂಡ್ರಿಯಾ ತನಕ ಹೋಗುತ್ತದೆ. ರಕ್ತ ಮರಳಿ ಹರಿದ ಮೊದಲ ನಿಮಿಷಗಳಲ್ಲಿ ಆ ಮೈಟೋಕಾಂಡ್ರಿಯಾದ ಗೋಡೆಯಲ್ಲಿ ಒಂದು ದೊಡ್ಡ ರಂಧ್ರ ತೆರೆದುಕೊಂಡು ಕೋಶ ನಾಶವಾಗುವ ಅಪಾಯವಿದೆ. ಪಳಗಿದ ಕೋಶದಲ್ಲಿ ಆ ರಂಧ್ರ ಸುಲಭಕ್ಕೆ ತೆರೆಯುವುದಿಲ್ಲ. ಅಡಿನೋಸಿನ್ ಪಾತ್ರ 1991ರಲ್ಲಿ ಮೊಲಗಳ ಮೇಲಿನ ಪ್ರಯೋಗದಿಂದ ಗೊತ್ತಾಯಿತು: ಗ್ರಾಹಿಯನ್ನು ಮದ್ದಿನಿಂದ ಮುಚ್ಚಿದರೆ ರಕ್ಷಣೆಯೇ ಸಿಗಲಿಲ್ಲ.

ಇದೇ ಅಡಿನೋಸಿನ್ನನ್ನು ನಾವು ಸ್ಕ್ಯಾನಿಂಗ್ ಪರೀಕ್ಷೆಗೆ, ಓಡಲಾರದವರಿಗೆ, ರಕ್ತನಾಳಕ್ಕೆ ಹರಿಸುತ್ತಿದ್ದೆವು. ಮುಖ ಕೆಂಪೇರುತ್ತದೆ, ಎದೆ ಬಿಗಿಯುತ್ತದೆ, “ಸಿಸ್ಟರ್, ಏನೋ ಆಗ್ತಿದೆ” ಎನ್ನುತ್ತಾರೆ. ಹರಿಸುವುದು ನಿಲ್ಲಿಸಿದರೆ ಒಂದೆರಡು ನಿಮಿಷದೊಳಗೆ ಎಲ್ಲ ಮಾಯ, ಏಕೆಂದರೆ ಅದು ರಕ್ತದಲ್ಲಿ ಉಳಿಯುವುದು ಸೆಕೆಂಡುಗಳ ಲೆಕ್ಕದಲ್ಲಿ. ಈ ಪರೀಕ್ಷೆಗೆ ಬರುವವರಿಗೆ ಹಿಂದಿನ ದಿನದಿಂದಲೇ ಕಾಫಿ, ಟೀ ಬೇಡವೆಂದು ಹೇಳುತ್ತೇವೆ. ಕೆಫೀನ್ ಹೋಗಿ ಅದೇ ಗ್ರಾಹಿಯ ಮೇಲೆ ಕೂತುಬಿಟ್ಟರೆ ಅಡಿನೋಸಿನ್ನಿಗೆ ಜಾಗವಿಲ್ಲ. ಕದ್ದು ಕುಡಿದು ಬಂದವರು ಮುಖ ಕೆಂಪಾಗದೆಯೇ ಸಿಕ್ಕಿಬೀಳುತ್ತಿದ್ದರು.

ಮನುಷ್ಯರಲ್ಲಿ ಇದನ್ನು ಕಣ್ಣಾರೆ ಕಾಣುವ ಜಾಗ ಕ್ಯಾಥ್ ಲ್ಯಾಬ್. ಬಲೂನು ಉಬ್ಬಿಸಿ ನಾಳ ಅಗಲಿಸುವಾಗ ಅಷ್ಟು ಹೊತ್ತು ನಾಳ ಪೂರ್ತಿ ಮುಚ್ಚಿರುತ್ತದೆ, ಅಂದರೆ ಡಾಕ್ಟರೇ ಒಂದು ಪುಟ್ಟ ಹೃದಯಾಘಾತ ಮಾಡಿ ಬಿಡಿಸಿದಂತೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೂವರೆ ನಿಮಿಷದಂತೆ ಎರಡು ಸಲ ಬಲೂನು ಉಬ್ಬಿಸಿ ನೋಡಿದ್ದರು. ಎರಡನೇ ಸಲ ನೋವೂ ಕಡಿಮೆ, ಎಸ್‌ಟಿ ಏರುವುದೂ ಕಡಿಮೆ (ನಾಳ ಪೂರ್ತಿ ಮುಚ್ಚಿದಾಗ ಎಸ್‌ಟಿ ಕೆಳಗೆ ಜಗ್ಗುವ ಬದಲು ಮೇಲೇರುತ್ತದೆ). ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಲೂನನ್ನು ಈಗಿನದಕ್ಕಿಂತ ಹೆಚ್ಚು ಹೊತ್ತು ಉಬ್ಬಿಸಿಡುತ್ತಿದ್ದರು. ಪರದೆಯ ಮೇಲೆ ಗೆರೆ ಗೋರಿಯಂತೆ ಎದ್ದು ನಿಲ್ಲುವುದನ್ನು ನೋಡುತ್ತಾ ಸೆಕೆಂಡು ಎಣಿಸುವುದು ನನ್ನ ಕೆಲಸ. ಎಂಟು ಹತ್ತು ಜನ ತುಂಬಿದ ಕೋಣೆಯಲ್ಲಿ ನನ್ನ ಎಣಿಕೆ ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ಎರಡನೇ ಸಲಕ್ಕೆ ಗೆರೆ ಅಷ್ಟೆತ್ತರ ಏಳದಿದ್ದಾಗ ಡಾಕ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಹೌದು, ಚಂದದ ಕ್ಷಣವೇ. ಆದರೆ ಆ ಕೋಣೆಯಲ್ಲಿ ಶಾಕ್ ಕೊಡುವ ಯಂತ್ರ ಚಾರ್ಜ್ ಆಗಿ ನಿಂತಿರುತ್ತದೆ. ಹದಿನೆಂಟನೇ ಮೆಟ್ಟಿಲಿನಲ್ಲಿ ಏನಿದೆ?

ನಿಮ್ಮ ಬರಹ ಇನ್ನೊಂದು ಮಾತು ಹೇಳಿತ್ತು: ಹೃದಯಾಘಾತದ ಹಿಂದಿನ ದಿನ ಎದೆನೋವು ಬಂದಿದ್ದವರಿಗೆ ಹಾನಿ ಕಡಿಮೆಯಾಗಿತ್ತು ಎಂದು. ನಿಜ. 1990ರ ದಶಕದ ಹಲವು ಅಧ್ಯಯನಗಳು ಇದನ್ನು ಕಂಡಿವೆ. ಆದರೆ ಆ ಅಧ್ಯಯನಗಳಲ್ಲಿ ಯಾರಿದ್ದರು? ಆಸ್ಪತ್ರೆಗೆ ಬಂದು ಸೇರಿದವರು. ಹಿಂದಿನ ದಿನ ನೋವು ಬಂದು, ‘ಗ್ಯಾಸು’ ಎಂದು ಮಲಗಿ, ಬೆಳಿಗ್ಗೆ ಏಳದೇ ಹೋದವರ ಹೆಸರು ಆ ಪಟ್ಟಿಯಲ್ಲಿ ಬರುವುದು ಹೇಗೆ? ನಾನು ಇದನ್ನು ಹೇಳಿದಾಗ ನಮ್ಮ ಯಜಮಾನರು ಮೊದಲ ಬಾರಿಗೆ ಸುಮ್ಮನಾದರು. ಗಣಿತದವರಿಗೆ ಎಣಿಕೆಯಿಂದ ಬಿಟ್ಟುಹೋದವರ ಮಾತು ಬೇಗ ನಾಟುತ್ತದೆ. ಅದೂ ಅಲ್ಲದೆ, ವಯಸ್ಸಾದವರಲ್ಲಿ ಈ ಲಾಭ ಕ್ಷೀಣಿಸುತ್ತದೆ ಎಂದು ತೋರಿಸಿದ ಅಧ್ಯಯನಗಳಿವೆ. ಸಕ್ಕರೆ ಕಾಯಿಲೆ ಇದ್ದರೂ ಅಷ್ಟೆ. ಗ್ಲಿಬೆನ್‌ಕ್ಲಮೈಡ್ ಎಂಬ ಹಳೆಯ ಸಕ್ಕರೆ ಮಾತ್ರೆ ಪ್ರಯೋಗಗಳಲ್ಲಿ ಪ್ರೀಕಂಡಿಷನಿಂಗನ್ನು ಅಳಿಸಿಹಾಕಿದೆ, ಏಕೆಂದರೆ ಈ ರಕ್ಷಣೆಗೆ ಬೇಕಾದ ಪೊಟ್ಯಾಸಿಯಂ ಬಾಗಿಲುಗಳನ್ನು ಅದು ಮುಚ್ಚುತ್ತದೆ. (ಹಾಗಂತ ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ನನ್ನ ಪತ್ರವೂ ಇನ್ಯಾರದೋ ಫ್ರಿಜ್ಜಿಗೆ ಅಂಟಿಕೊಳ್ಳುವುದು ಬೇಡ.) ಡ್ಯೂಕ್‌ನ ನಾಯಿಗಳಿಗೆ ಬಿಪಿ ಇರಲಿಲ್ಲ, ಸಕ್ಕರೆ ಇರಲಿಲ್ಲ, ಎಪ್ಪತ್ತು ವರ್ಷದ ರಕ್ತನಾಳ ಇರಲಿಲ್ಲ. ನಮ್ಮವರಿಗೆ ಮೂರೂ ಇವೆ.

ಇನ್ನು ತೋಳಿನ ಪಟ್ಟಿಯ ಕಥೆ. ಹೃದಯದ ಒಂದು ನಾಳವನ್ನು ಕಟ್ಟಿ ಬಿಟ್ಟರೆ ಇನ್ನೊಂದು ನಾಳದ ಸ್ನಾಯುವಿಗೂ ರಕ್ಷಣೆ ಸಿಗುತ್ತದೆ ಎಂದು 1993ರಲ್ಲಿ ಕರಿನ್ ಪ್ರಿಜಿಕ್ಲೆಂಕ್ ಮತ್ತು ಸಂಗಡಿಗರು ತೋರಿಸಿದರು. ಆಮೇಲೆ ಹೃದಯವನ್ನೇ ಮುಟ್ಟಬೇಕಾಗಿಲ್ಲ, ತೋಳಿಗೆ ಬಿಪಿ ಪಟ್ಟಿ ಬಿಗಿದು ರಕ್ತ ನಿಲ್ಲಿಸಿ ಬಿಟ್ಟರೂ ಸಾಕು ಎಂಬಲ್ಲಿಗೆ ಬಂತು. ನಿಮ್ಮ ಬರಹದ ಈ ಪ್ಯಾರಾ ಓದಿದ ಮೇಲೆ ನಮ್ಮ ಯಜಮಾನರು ಮನೆಯ ಬಿಪಿ ಯಂತ್ರ ಕಟ್ಟಿಕೊಂಡು ದಿನಾ ಸಂಜೆ ಒಂದಾದ ಮೇಲೊಂದರಂತೆ ನಾಲ್ಕು ಸಲ ಒತ್ತುತ್ತಿದ್ದರು. ಆ ಯಂತ್ರ ಒಂದು ನಿಮಿಷದೊಳಗೆ ಗಾಳಿ ಬಿಟ್ಟುಬಿಡುತ್ತದೆ, ಐದು ನಿಮಿಷ ಹಿಡಿದಿಡುವುದು ಅದರಿಂದಾಗದು. ಸಿಕ್ಕಿದ್ದೇನೆಂದರೆ ದಿನಕ್ಕೆ ನಾಲ್ಕು ಬಿಪಿ ರೀಡಿಂಗು. ಅದನ್ನೂ ಒಂದು ಗ್ರಾಫ್ ಪುಸ್ತಕದಲ್ಲಿ ಗುರುತಿಸಿದ್ದಾರೆ.

ನಿಜವಾದ ಪ್ರಯೋಗಗಳ ಗತಿ ಏನಾಯಿತು? 2010ರಲ್ಲಿ ಡೆನ್ಮಾರ್ಕಿನಲ್ಲಿ ಹೃದಯಾಘಾತದ ರೋಗಿಗಳಿಗೆ ಆಂಬುಲೆನ್ಸಿನಲ್ಲೇ ತೋಳಿನ ಪಟ್ಟಿ ಕಟ್ಟಿ ಮಾಡಿದ ಅಧ್ಯಯನದಲ್ಲಿ ಹೆಚ್ಚು ಸ್ನಾಯು ಉಳಿದದ್ದು ಕಂಡುಬಂತು. ಎಲ್ಲರಿಗೂ ಆಸೆ ಹುಟ್ಟಿತು. 2015ರಲ್ಲಿ ಬ್ರಿಟನ್ನಿನ ಎರಿಕಾ, ಜರ್ಮನಿಯ ರಿಪ್‌ಹಾರ್ಟ್ ಎಂಬ ಎರಡು ದೊಡ್ಡ ಅಧ್ಯಯನಗಳು ಹೃದಯ ಶಸ್ತ್ರಚಿಕಿತ್ಸೆಗೆ ಮುಂಚೆ ಇದನ್ನು ಮಾಡಿ ನೋಡಿದವು. ಲಾಭ ಸಿಗಲಿಲ್ಲ. ಅರಿವಳಿಕೆಗೆ ಕೊಟ್ಟ ಪ್ರೊಪೊಫಾಲ್ ಅಡ್ಡ ಬಂತೇನೋ ಎಂದು ಕೆಲವರು ವಾದಿಸಿದರು. 2019ರಲ್ಲಿ ಡೆನ್ಮಾರ್ಕ್, ಬ್ರಿಟನ್, ಸ್ಪೇನ್, ಸರ್ಬಿಯಾ ಸೇರಿ 5,401 ಹೃದಯಾಘಾತದ ರೋಗಿಗಳ ಮೇಲೆ ನೋಡಿದರು. ಇಲ್ಲಿ ಪ್ರೊಪೊಫಾಲ್ ಕಾಟವೂ ಇರಲಿಲ್ಲ. ಒಂದು ವರ್ಷದೊಳಗೆ ಹೃದಯದಿಂದ ಸತ್ತವರು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದವರು: ಪಟ್ಟಿ ಕಟ್ಟದವರಲ್ಲಿ 8.6 ಶೇಕಡಾ, ಕಟ್ಟಿದವರಲ್ಲಿ 9.4 ಶೇಕಡಾ. ಲಾಭವಿಲ್ಲ. ನಿಮ್ಮ ಬರಹ 2010ರಲ್ಲಿ ನಿಂತಿದೆ. ಒಂಬತ್ತು ವರ್ಷ ಮುಂದೆ ಬಂದಿದ್ದರೆ ನಮ್ಮ ಬಿಪಿ ಯಂತ್ರದ ಪಟ್ಟಿ ಇಷ್ಟು ಬೇಗ ಹರಿಯುತ್ತಿರಲಿಲ್ಲ.

ಹಾಗಾದರೆ ಹೃದಯವನ್ನು ಪಳಗಿಸುವ ದಾರಿಯೇ ಇಲ್ಲವೇ? ಇದೆ, ಅದರಲ್ಲಿ ಎದೆನೋವು ಬೇಕಾಗಿಲ್ಲ. ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದ ಪ್ರಯೋಗಗಳಲ್ಲಿ ಒಂದೇ ದಿನದ ಓಟದಿಂದಲೂ ಹೃದಯಕ್ಕೆ ಪ್ರೀಕಂಡಿಷನಿಂಗ್‌ನಂಥದೇ ರಕ್ಷಣೆ ಸಿಕ್ಕಿದೆ. ಆ ಇಲಿಗಳ ನಾಳ ಕಟ್ಟಿಕೊಂಡಿರಲಿಲ್ಲ. ಚುರುಕಾಗಿ ಓಡಾಡಿಕೊಂಡಿರುವ ವೃದ್ಧರಲ್ಲಿ ವಯಸ್ಸಿನಿಂದ ಕಳೆದುಹೋದ ಈ ಗುಣ ಒಂದಿಷ್ಟು ಉಳಿದಿರುತ್ತದೆ ಎಂಬುದಕ್ಕೂ ಪುರಾವೆ ಇದೆ. ಏದುಸಿರು ಬರಲಿ, ಬೆವರು ಬರಲಿ, ಅದು ವ್ಯಾಯಾಮ. ಮುಷ್ಟಿ ಎದೆಗೆ ಹೋಯಿತೋ, ಅದು ವ್ಯಾಯಾಮವಲ್ಲ. ಹೊಸದಾಗಿ ಬಂದ ನೋವು, ಮೊದಲಿಗಿಂತ ಕಡಿಮೆ ಶ್ರಮಕ್ಕೇ ಬರುವ ನೋವು, ಕೂತಲ್ಲೇ ಬರುವ ನೋವು, ನಾಲಿಗೆಯಡಿ ಮಾತ್ರೆ ಇಟ್ಟು ಐದು ನಿಮಿಷವಾದರೂ ಇಳಿಯದ ನೋವು: ಇವು ಯಾವುವೂ ಪಾಠವಲ್ಲ. ಆಂಬುಲೆನ್ಸ್ ಕರೆಯಿರಿ.

ಇವರನ್ನು ಒಪ್ಪಿಸಲು ಹನ್ನೊಂದು ದಿನ ಬೇಕಾಯಿತು. ಮೊದಲು ಹೋದ ಕಡೆ ಮಲಗಿಸಿ ತೆಗೆದ ಇಸಿಜಿ ನೋಡಿ, “ಎಲ್ಲ ನಾರ್ಮಲ್, ಮನೆಗೆ ಹೋಗಿ” ಅಂದರು. ಇವರ ಮುಖದಲ್ಲಿ ಗೆದ್ದ ನಗು. ಮಲಗಿದ್ದಾಗ ತೆಗೆದ ಇಸಿಜಿ ಮಲಗಿದ್ದಾಗಿನ ಹೃದಯದ ಸುದ್ದಿ ಮಾತ್ರ ಹೇಳುತ್ತದೆ ಎಂದು ಆ ಯುವ ವೈದ್ಯರಿಗೆ ಹೇಳಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಇನ್ನೊಂದು ಕಡೆ ಟ್ರೆಡ್‌ಮಿಲ್ ಹತ್ತಿಸಿದರು. ಎರಡನೇ ಹಂತದ ಕೊನೆಯಲ್ಲಿ ವಿ5 ಗೆರೆ, ಅಂದರೆ ಎದೆಯ ಎಡಭಾಗಕ್ಕೆ ಅಂಟಿಸಿದ ಒಂದು ತಂತಿಯ ಗೆರೆ, ಎರಡು ಚೌಕ ಜಗ್ಗಿತು. ಅಲ್ಲಿದ್ದ ತಂತ್ರಜ್ಞ ಹುಡುಗ ಯಂತ್ರ ನಿಲ್ಲಿಸುವ ಮೊದಲೇ ನಾನು ಕುರ್ಚಿಯಿಂದ ಎದ್ದಿದ್ದೆ. ಆಂಜಿಯೋಗ್ರಾಂನಲ್ಲಿ ಹೃದಯದ ಮುಂಭಾಗದ ಮುಖ್ಯ ನಾಳ ಮುಕ್ಕಾಲಿಗೂ ಹೆಚ್ಚು ಮುಚ್ಚಿತ್ತು. ಸ್ಟೆಂಟ್ ಹಾಕಿದರು.

ವಾರ್ಡಿಗೆ ತಂದ ಮೇಲೆ ಇವರು ಹೇಳಿದ ಮೊದಲ ಮಾತೇನು ಗೊತ್ತೇ? “ಮೊದಲ ಬಲೂನಿಗೆ ನೋವಾಯ್ತು ಕಣೇ, ಎರಡನೇದಕ್ಕೆ ಅಷ್ಟಾಗಲಿಲ್ಲ. ನೋಡಿದೆಯಾ?” ಈಗಿನ ಬಲೂನು ಉಬ್ಬಿರುವುದು ಸೆಕೆಂಡುಗಳ ಲೆಕ್ಕ, ಅಷ್ಟರಲ್ಲಿ ಹೃದಯ ಯಾವ ಪಾಠವನ್ನೂ ಕಲಿಯುವುದಿಲ್ಲ, ಎರಡನೇ ಸಲಕ್ಕೆ ನಾಳ ಅದಾಗಲೇ ಅರ್ಧ ತೆರೆದಿತ್ತು ಎಂದು ವಿವರಿಸಿದೆ. ನಂಬಿದಂತೆ ಕಾಣಲಿಲ್ಲ.

ಆರೋಗ್ಯ ಪುಟ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಇಂಥ ವಿಷಯ ಕನ್ನಡದಲ್ಲಿ ಬರಲೇಬೇಕು, ಆ ಬರಹದ ಭಾಷೆಯೂ ಚೆನ್ನಾಗಿತ್ತು. 40 ನಿಮಿಷದ ಫಲಿತಾಂಶ ಅಚ್ಚಾದ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, 3 ಗಂಟೆಯ ಫಲಿತಾಂಶವನ್ನೂ 2019ರ ಫಲಿತಾಂಶವನ್ನೂ ಅಚ್ಚು ಹಾಕಿ ಎಂಬುದಷ್ಟೇ ನನ್ನ ಕೋರಿಕೆ. ಸದ್ಯಕ್ಕೆ ಫ್ರಿಜ್ಜಿನ ಮೇಲಿನ ತುಣುಕಿನ ಅಂಚಿನಲ್ಲಿ ನಾನೇ ಕೆಂಪು ಪೆನ್ನಿನಲ್ಲಿ ‘3 ಗಂಟೆಗೆ: ಸೊನ್ನೆ’ ಎಂದು ಬರೆದಿದ್ದೇನೆ. ಅಕ್ಷರ ಸೊಟ್ಟಗಿದೆಯೆಂದು ಇವರು ಗೊಣಗುತ್ತಿದ್ದಾರೆ. ನಿಮ್ಮದು ಅಚ್ಚಾಗಿ ಬಂದರೆ ಅದನ್ನು ಕತ್ತರಿಸಿ ಪಕ್ಕದಲ್ಲಿ ಅಂಟಿಸುತ್ತೇನೆ, ಸ್ಕೇಲ್ ಇಟ್ಟು.

ಇತಿ,
ನಿವೃತ್ತ ಇಸಿಜಿ ತಂತ್ರಜ್ಞೆ